ಕೆಲವು ಬಾಟಲಿ ಮಾತ್ರ ಹುಳಿಯಾದರೆ ತಪ್ಪು ಎಲ್ಲಿ? ಮನೆ ಬಿಯರ್ ಸಲಕರಣೆಯ ಆಯ್ಕೆ, ಆರೈಕೆ

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಕಳೆದ ಚಳಿಗಾಲದಲ್ಲಿ 5 ಗ್ಯಾಲನ್‌ನ ಸ್ಟಾರ್ಟರ್ ಕಿಟ್ ತಂದು ಮನೆಯಲ್ಲೇ ಬಿಯರ್ ಮಾಡಲು ಶುರುಮಾಡಿದೆ. ಮೊದಲೆರಡು ಸಲ ಚೆನ್ನಾಗಿ ಬಂತು. ಬೇಸಿಗೆಯಲ್ಲಿ ಮಾಡಿದ ಬ್ಯಾಚ್‌ನಲ್ಲಿ ಕೆಲವು ಬಾಟಲಿ ಚೆನ್ನಾಗಿವೆ, ಕೆಲವು ಹುಳಿ. ಹುಳಿಯಾದವುಗಳ ಮುಚ್ಚಳ ತೆಗೆದರೆ ಅರ್ಧ ಬಾಟಲಿ ನೊರೆಯಾಗಿ ಹೊರಗೆ ಉಕ್ಕುತ್ತದೆ. ಎಲ್ಲವನ್ನೂ ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರ್‌ನಲ್ಲಿ ಅದ್ದಿಯೇ ಬಳಸಿದ್ದೆ. ಪ್ಲಾಸ್ಟಿಕ್ ಬಿಟ್ಟು ಸ್ಟೀಲ್ ಕೋನಿಕಲ್ ಫರ್ಮೆಂಟರ್ (ಶಂಕುವಿನಾಕಾರದ ತಳವಿರುವ ಹುದುಗಿಸುವ ಪಾತ್ರೆ), ಜೊತೆಗೆ ಎಲ್ಲವೂ ಒಂದರಲ್ಲೇ ಇರುವ ಎಲೆಕ್ಟ್ರಿಕ್ ಮಷೀನ್ ಕೊಂಡರೆ ತೊಂದರೆ ಹೋಗುತ್ತದೆಯೇ? ಇರುವ ಸಾಮಾನನ್ನು ಹೇಗೆ ನೋಡಿಕೊಳ್ಳಬೇಕು?

ಉತ್ತರ: ಕೋನಿಕಲ್ ಕೊಂಡರೂ ಈ ತೊಂದರೆ ಹೋಗುವುದಿಲ್ಲ. ‘ಕೆಲವು ಬಾಟಲಿ’ ಎಂದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಫರ್ಮೆಂಟರ್‌ನಲ್ಲೇ ಸೋಂಕು ತಗುಲಿದ್ದರೆ 19 ಲೀಟರೂ ಹುಳಿಯಾಗಬೇಕಿತ್ತು. ಫರ್ಮೆಂಟರ್‌ನಿಂದ ಬಕೆಟ್ಟಿಗೆ ಇಳಿಸುವ ಸೈಫನ್ ಪೈಪ್ ಕೊಳಕಾಗಿದ್ದರೂ ಅಷ್ಟೇ, ಎಲ್ಲ ಬಾಟಲಿಯೂ ಕೆಡುತ್ತಿತ್ತು. ಒಂದಷ್ಟು ಉಳಿದಿವೆ ಎಂದರೆ ಅನುಮಾನ ಪಡಬೇಕಾದದ್ದು ಮೂರರ ಮೇಲೆ: ಬಾಟ್ಲಿಂಗ್ ಬಕೆಟ್ಟಿನ ನಲ್ಲಿ, ಬಾಟಲಿ ತುಂಬುವ ಕಡ್ಡಿ, ಮತ್ತು ಬಾಟಲಿಗಳು. ಬಾಟಲಿಯಲ್ಲಿ ಗ್ಯಾಸ್ ಬರಲೆಂದು ಸೇರಿಸುವ ಪ್ರೈಮಿಂಗ್ ಸಕ್ಕರೆ ಸರಿಯಾಗಿ ಬೆರೆಯದಿದ್ದರೂ ಕೆಲವು ಬಾಟಲಿ ಉಕ್ಕುತ್ತವೆ ನಿಜ, ಆದರೆ ಆಗ ಹುಳಿ ಬರುವುದಿಲ್ಲ, ಉಳಿದವುಗಳಲ್ಲಿ ಗ್ಯಾಸ್ ಕಡಿಮೆಯಿರುತ್ತದೆ. ಹುಳಿಯೂ ನೊರೆಯೂ ಜೊತೆಗೇ ಬಂದಿದ್ದರೆ ಅದು ಸೋಂಕು. ಬಿಯರ್ ಯೀಸ್ಟ್ ತಿನ್ನಲಾರದೆ ಬಿಟ್ಟ ಉದ್ದ ಸಕ್ಕರೆಗಳನ್ನು ಕಾಡು ಯೀಸ್ಟ್ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಬಾಟಲಿಯೊಳಗೆ ನಿಧಾನವಾಗಿ ತಿನ್ನುತ್ತಾ ಹೋಗುತ್ತವೆ, ಒತ್ತಡ ಏರುತ್ತಲೇ ಇರುತ್ತದೆ.

ಆದ್ದರಿಂದ ಮೊದಲು ಸುರಕ್ಷತೆ. ಉಳಿದ ಬಾಟಲಿಗಳು ಒಡೆಯಬಹುದು. ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಅವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ದಿನ ಚೆನ್ನಾಗಿ ತಣ್ಣಗಾದ ಮೇಲೆ ಮೇಲೊಂದು ಟವೆಲ್ ಹೊದಿಸಿ ಒಂದೊಂದಾಗಿ ತೆರೆಯಿರಿ. ಮುಂದಿನ ಸಲ ತುಂಬುವಾಗ ಮುಚ್ಚಳದ ಮೇಲೆ ಮಾರ್ಕರ್‌ನಿಂದ 1, 2, 3 ಎಂದು ಕ್ರಮಸಂಖ್ಯೆ ಬರೆಯಿರಿ. ಮೊದಲ ಐದಾರು ಬಾಟಲಿ ಕೆಟ್ಟರೆ ತಪ್ಪು ನಲ್ಲಿಯದ್ದು ಅಥವಾ ಕಡ್ಡಿಯದ್ದು, ಏಕೆಂದರೆ ಅಲ್ಲಿ ಕೂತ ಕೊಳೆಯನ್ನು ಮೊದಲು ಹರಿದ ಬಿಯರ್ ಹೊತ್ತೊಯ್ಯುತ್ತದೆ. ಅಲ್ಲೊಂದು ಇಲ್ಲೊಂದು ಕೆಟ್ಟರೆ ಬಾಟಲಿಗಳದ್ದು.

ಈಗ ಆ ನಲ್ಲಿಯನ್ನು ಕೈಗೆ ತೆಗೆದುಕೊಳ್ಳಿ. ಕಿಟ್ಟಿನ ಜೊತೆ ಬರುವ ಪ್ಲಾಸ್ಟಿಕ್ ನಲ್ಲಿ ಒಂದೇ ತುಂಡಿನಂತೆ ಕಾಣುತ್ತದೆ, ಆದರೆ ಅದು ಎರಡು ತುಂಡು: ಹೊರಗಿನ ಕವಚ, ಅದರೊಳಗೆ ತಿರುಗುವ ಹಿಡಿಕೆ ಸಹಿತದ ಕೊಳವೆ. ಬಕೆಟ್ಟಿನಿಂದ ಬಿಚ್ಚಿ, 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ಮೊಂಡು ಕಡ್ಡಿಯಿಂದ ಕೆಳಗಿನಿಂದ ಒತ್ತಿದರೆ ಒಳಗಿನ ಕೊಳವೆ ಟಕ್ಕನೆ ಹೊರಬರುತ್ತದೆ. ಎರಡು ಮೂರು ಬ್ಯಾಚ್ ಕಂಡ ನಲ್ಲಿಯಾದರೆ ಎರಡರ ನಡುವೆ ಕಂದುಬಣ್ಣದ ಲೋಳೆ ಸಾಮಾನ್ಯವಾಗಿ ಸಿಗುತ್ತದೆ. ನಲ್ಲಿಯನ್ನು ತೆರೆದು ಮುಚ್ಚಿದಾಗಲೆಲ್ಲ ಬಿಯರ್ ಆ ಸಂದಿಗೆ ಇಳಿದು ಅಲ್ಲೇ ಒಣಗುತ್ತದೆ. ಬಕೆಟ್ಟಿಗೆ ಸ್ಟಾರ್ ಸ್ಯಾನ್ ತುಂಬಿ ಹರಿಸಿದರೂ ಆ ಸಂದಿಗೆ ಅದು ಮುಟ್ಟುವುದಿಲ್ಲ. ಮೊದಲೆರಡು ಬ್ಯಾಚ್ ಚೆನ್ನಾಗಿ ಬಂದದ್ದಕ್ಕೂ ಮೂರನೆಯದು ಕೆಟ್ಟದ್ದಕ್ಕೂ ಇದೇ ಕಾರಣ ಇರಬಹುದು: ಕೊಳೆ ಕೂರಲು ಅಷ್ಟು ಸಮಯ ಬೇಕಿತ್ತು, ಜೊತೆಗೆ ಬೇಸಿಗೆಯ ಸೆಖೆಯಲ್ಲಿ ಬಾಟಲಿಯೊಳಗೆ ಬ್ಯಾಕ್ಟೀರಿಯಾ ಬೇಗ ಬೆಳೆದವು. ಪ್ರತಿ ಸಲ ಬಾಟಲಿ ತುಂಬಿದ ದಿನವೇ ನಲ್ಲಿಯನ್ನು ಹೀಗೆ ಬಿಚ್ಚಿ ತೊಳೆದು, ಬಿಚ್ಚಿಟ್ಟೇ ಒಣಗಿಸಿ. ವರ್ಷಕ್ಕೊಮ್ಮೆ ಹೊಸದು ಹಾಕಿ, ಕೆಲವೇ ಡಾಲರ್‌ನ ಸಾಮಾನು ಅದು. ಬಾಟಲಿ ತುಂಬುವ ಕಡ್ಡಿಯ ತುದಿಯೂ ಕಳಚುತ್ತದೆ. ಒಳಗಿನ ಸ್ಪ್ರಿಂಗ್, ಚಿಕ್ಕ ಕವಾಟ ಎರಡನ್ನೂ ಹೊರತೆಗೆದು ತೊಳೆಯಬೇಕು.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಹೊಸಬರ ಬಿಯರ್ ಕೆಡುವುದು ಬಹುಪಾಲು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ. ಸ್ಟಾರ್ ಸ್ಯಾನ್ ಆಮ್ಲೀಯ ದ್ರಾವಣ, ಸ್ವಚ್ಛವಾದ ಮೇಲ್ಮೈ ಮೇಲಿರುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಒಣಗಿದ ಯೀಸ್ಟ್, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಅಂಟು, ಪ್ರೋಟೀನ್ ಪದರ ಇದ್ದರೆ ಅದರಡಿ ಅಡಗಿದವನ್ನು ಏನೂ ಮಾಡುವುದಿಲ್ಲ. ಹಾಗಾಗಿ ಮೊದಲು ಪಿಬಿಡಬ್ಲ್ಯೂ ಎಂಬ ತೊಳೆಯುವ ಪುಡಿ ಅಥವಾ ವಾಸನೆ ಬೆರೆಸದ ಆಕ್ಸಿಕ್ಲೀನ್‌ನಂಥ ಪರ್ಕಾರ್ಬನೇಟ್ ಪುಡಿ. ಪಿಬಿಡಬ್ಲ್ಯೂ ಆದರೆ ಗ್ಯಾಲನ್‌ಗೆ 1 ಔನ್ಸ್, ಅಂದರೆ ಲೀಟರ್‌ಗೆ 7–8 ಗ್ರಾಂ. ನೊರೆ ಒಣಗಿ ಗಟ್ಟಿ ಉಂಗುರ ಕಟ್ಟಿದ್ದರೆ ಅದರ ಎರಡರಷ್ಟು. ನೀರು 50–55 ಡಿಗ್ರಿ ಇರಲಿ, ಅರ್ಧ ಗಂಟೆ ನೆನೆಯಲಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಎರಡು ಸಲ ತೊಳೆಯಿರಿ. ಗಡಸು ನೀರಿನ ಊರುಗಳಲ್ಲಿ ಪರ್ಕಾರ್ಬನೇಟ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಬಿಳಿ ಪದರ ಕೂರುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ಅದು ಕರಗುತ್ತದೆ. ಪಾತ್ರೆ ತೊಳೆಯುವ ಸೋಪು ಬೇಡ: ಅದರ ವಾಸನೆ ಪ್ಲಾಸ್ಟಿಕ್ಕಿಗೆ ಹಿಡಿಯುತ್ತದೆ, ಉಳಿದ ಜಿಡ್ಡು ಬಿಯರಿನ ನೊರೆಯನ್ನು ಕೊಲ್ಲುತ್ತದೆ.

ತೊಳೆದಾದ ಮೇಲೆ ಸ್ಟಾರ್ ಸ್ಯಾನ್, 19 ಲೀಟರ್ ನೀರಿಗೆ 30 ಮಿಲಿ. ಸಣ್ಣ ಪ್ರಮಾಣಕ್ಕೆ ಲೀಟರಿಗೆ 1.6 ಮಿಲಿ, ಇದನ್ನು ಸಿರಿಂಜಿನಲ್ಲೇ ಅಳೆಯಿರಿ, ಕಣ್ಣಂದಾಜು ಬೇಡ. ಮೇಲ್ಮೈ ಒಂದೆರಡು ನಿಮಿಷ ಒದ್ದೆಯಾಗಿರಬೇಕು, ಆಮೇಲೆ ನೀರಿನಿಂದ ತೊಳೆಯಬಾರದು. ಉಳಿದ ನೊರೆಯಿಂದ ಬಿಯರಿಗೆ ತೊಂದರೆಯಿಲ್ಲ. ನಲ್ಲಿ ನೀರಿನಲ್ಲಿ ಬೆರೆಸಿದರೆ ದ್ರಾವಣ ಬೇಗ ಮಸುಕಾಗಬಹುದು. ಅದು ಇನ್ನೂ ಕೆಲಸ ಮಾಡುತ್ತದೆಯೇ ಎಂಬುದನ್ನು ಪಿಎಚ್ ಪಟ್ಟಿಯಲ್ಲಿ ನೋಡಿ, 3ಕ್ಕಿಂತ ಕೆಳಗಿದ್ದರೆ ಸರಿ. ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ ಸ್ಪ್ರೇ ಬಾಟಲಿಯಲ್ಲಿಟ್ಟರೆ ಬಹಳ ದಿನ ಬರುತ್ತದೆ. ಒಂದು ಎಚ್ಚರಿಕೆ: ಸ್ಟಾರ್ ಸ್ಯಾನ್ ಮತ್ತು ಬ್ಲೀಚ್ ಎಂದೂ ಸೇರಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚ್ ಸ್ಟೀಲನ್ನೂ ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ. ಮನೆ ಬಿಯರಿನ ಸಾಮಾನಿಗೆ ಅದು ಬೇಡವೇ ಬೇಡ.

ಬಾಟಲಿಗಳ ವಿಷಯ ಸರಳ. ಕುಡಿದ ಕೂಡಲೇ ಬಿಸಿನೀರು ಹಾಕಿ ಮೂರು ಸಲ ಅಲುಗಿಸಿ ಚೆಲ್ಲಿ ಬೋರಲು ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ತಳದಲ್ಲಿ ಗಷ್ಟು ಒಣಗಿದ್ದರೆ, ಕತ್ತಿನಲ್ಲಿ ಉಂಗುರದಂಥ ಗುರುತು ಕಂಡರೆ ಪಿಬಿಡಬ್ಲ್ಯೂನಲ್ಲಿ ನೆನೆಹಾಕಿ ಬ್ರಷ್ ಹಾಕಲೇಬೇಕು. ಬೆಳಕಿಗೆ ಹಿಡಿದು ನೋಡಿ, ತಿಕ್ಕಿದ ಮೇಲೂ ಗುರುತು ಉಳಿದರೆ ಆ ಬಾಟಲಿ ಬಿಸಾಡಿ. ಡಿಶ್‌ವಾಷರ್‌ನ ನೀರು ಬಾಟಲಿಯ ಕಿರಿದಾದ ಬಾಯೊಳಗೆ ಸರಿಯಾಗಿ ಹೋಗುವುದಿಲ್ಲ, ಅದನ್ನು ನಂಬಬೇಡಿ. 19 ಲೀಟರಿಗೆ 355 ಮಿಲಿಯ ಸುಮಾರು 50 ಬಾಟಲಿ ಬೇಕು. ಕಂದು ಗಾಜು, ತಿರುಪಿಲ್ಲದ ಬಾಯಿ ಇರಲಿ. ಹಸಿರು, ಬಿಳಿ ಗಾಜಿನಲ್ಲಿ ಬೆಳಕು ತಾಗಿ ಹಾಪ್ಸ್‌ನ ಅಂಶ ದುರ್ವಾಸನೆಗೆ ತಿರುಗುತ್ತದೆ, ತಿರುಪಿನ ಬಾಯಿಗೆ ಸಾಮಾನ್ಯ ಮುಚ್ಚಳ ಗಟ್ಟಿಯಾಗಿ ಕೂರುವುದಿಲ್ಲ. ಪ್ರೈಮಿಂಗಿಗೆ ಕಾರ್ನ್ ಶುಗರ್ 115–125 ಗ್ರಾಂ ಸಾಕು. ಎರಡು ಲೋಟ ನೀರಿನಲ್ಲಿ ಕುದಿಸಿ ಮೊದಲು ಬಕೆಟ್ಟಿನ ತಳಕ್ಕೆ ಹಾಕಿ, ಅದರ ಮೇಲೆ ಬಿಯರ್ ಸುತ್ತುತ್ತಾ ಇಳಿಯುವಂತೆ ಸೈಫನ್ ಪೈಪನ್ನು ಬಕೆಟ್ಟಿನ ಗೋಡೆಗೆ ಒರಗಿಸಿ. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅಂಕಿ ಮೂರು ದಿನ ಅಲುಗಾಡದೆ ನಿಂತಿದ್ದರೆ ಮಾತ್ರ ಬಾಟಲಿ ತುಂಬಿ.

ಇನ್ನು ದುಡ್ಡು ಎಲ್ಲಿ ಹಾಕಬೇಕೆಂಬುದು. ನಿಮ್ಮ ಊರಿನ ಮಟ್ಟಿಗೆ ಉತ್ತರದಲ್ಲಿ ಅನುಮಾನವಿಲ್ಲ: ಮೊದಲು ಉಷ್ಣತೆಯ ಹತೋಟಿ. ಎಸಿ ಹಾಕಿದ ಮನೆಯಲ್ಲೂ ಬೇಸಿಗೆಯಲ್ಲಿ 25 ಡಿಗ್ರಿ ಇರುತ್ತದೆ. ಹುದುಗುವಿಕೆಯ ಮೊದಲ ಎರಡು ಮೂರು ದಿನ ಯೀಸ್ಟ್ ತಾನೇ ಶಾಖ ಹುಟ್ಟಿಸಿ ಬಿಯರನ್ನು ಸುತ್ತಲಿನ ಗಾಳಿಗಿಂತ 3ರಿಂದ 5 ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಅಂದರೆ ಒಳಗೆ 28–30. ಸಾಮಾನ್ಯ ಏಲ್ ಯೀಸ್ಟ್ ಬಯಸುವುದು 18–20. ಆ ಸೆಖೆಯಲ್ಲಿ ಬಾಯಿ ಸುಡುವ ಆಲ್ಕೊಹಾಲ್, ನೇಲ್ ಪಾಲಿಶ್ ವಾಸನೆ ಬರುತ್ತವೆ, ಎಂಥ ದುಬಾರಿ ಫರ್ಮೆಂಟರ್ ಇದ್ದರೂ ತಪ್ಪುವುದಿಲ್ಲ. ಸೆಕೆಂಡ್ ಹ್ಯಾಂಡ್ ಫ್ರಿಜ್ ಒಂದು, ಅದಕ್ಕೆ ಇಂಕ್‌ಬರ್ಡ್‌ನಂಥ ಎರಡು ಪ್ಲಗ್ಗಿನ ಕಂಟ್ರೋಲರ್ ಒಂದು. ಕಂಟ್ರೋಲರ್‌ನ ಸೆನ್ಸರನ್ನು ಗಾಳಿಯಲ್ಲಿ ನೇತುಹಾಕಬೇಡಿ. ಫರ್ಮೆಂಟರ್‌ನ ಪಕ್ಕಕ್ಕೆ, ಬಿಯರ್ ಮಟ್ಟಕ್ಕಿಂತ ಕೆಳಗೆ ಟೇಪಿನಿಂದ ಅಂಟಿಸಿ ಮೇಲೆ ದಪ್ಪ ಬಟ್ಟೆಯೋ ಸ್ಪಂಜೋ ಹೊದಿಸಿ. ಗಾಳಿಯನ್ನು ಅಳೆದರೆ ಫ್ರಿಜ್ ಪದೇ ಪದೇ ಆನ್ ಆಫ್ ಆಗುತ್ತದೆ, ಬಿಯರ್ ಮಾತ್ರ ಬಿಸಿಯಾಗಿಯೇ ಇರುತ್ತದೆ. ಸೆಟ್ಟಿಂಗ್ 18, ವ್ಯತ್ಯಾಸ ಅರ್ಧದಿಂದ 1 ಡಿಗ್ರಿ, ಕಂಪ್ರೆಸರ್ ಮತ್ತೆ ಶುರುವಾಗುವ ಮೊದಲು ಐದಾರು ನಿಮಿಷ ಬಿಡುವು. ಫ್ರಿಜ್ಜಿನೊಳಗೆ ತೇವ ಕೂತು ಬೂಷ್ಟು ಬರುತ್ತದೆ, ಬ್ಯಾಚಿಗೊಮ್ಮೆ ಒರೆಸಿ ಒಣಗಿಸಿ. ತಣ್ಣಗಾಗುವಾಗ ಏರ್‌ಲಾಕ್‌ನ (ಗ್ಯಾಸ್ ಹೊರಬಿಟ್ಟು ಗಾಳಿ ತಡೆಯುವ, ಮುಚ್ಚಳದ ಮೇಲಿನ ಕೊಳವೆಯ) ನೀರು ಒಳಗೆ ಎಳೆದುಕೊಳ್ಳುವುದುಂಟು, ಅದರಲ್ಲಿ ನಲ್ಲಿ ನೀರಿನ ಬದಲು ಸ್ಟಾರ್ ಸ್ಯಾನ್ ದ್ರಾವಣ ಅಥವಾ ವೋಡ್ಕಾ ಇರಲಿ.

ಫರ್ಮೆಂಟರ್‌ಗೆ ನಿಮ್ಮ ಬಿಳಿ ಬಕೆಟ್ಟೇ ಸಾಕು. 19 ಲೀಟರ್ ಬಿಯರಿಗೆ 6.5 ಗ್ಯಾಲನ್, ಅಂದರೆ ಸುಮಾರು 24.5 ಲೀಟರಿನದು ಸರಿಯಾದ ಅಳತೆ, ಮೇಲಿನ 5 ಲೀಟರ್ ಜಾಗ ನೊರೆಗೆ ಬೇಕು. ಅಗಲ ಬಾಯಿಯೇ ಅದರ ದೊಡ್ಡ ಗುಣ, ಕೈಹಾಕಿ ಎಲ್ಲ ಮೂಲೆ ಮುಟ್ಟಬಹುದು. ಅದರ ಶತ್ರು ಗೀರು. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಬ್ರಷ್, ಒಳಗೆ ಪೇರಿಸಿಟ್ಟ ಇತರ ಸಾಮಾನು, ಇವೆಲ್ಲ ಗೀರು ಹಾಕುತ್ತವೆ. ಗೀರಿನಲ್ಲಿ ಕೂತ ಬ್ಯಾಕ್ಟೀರಿಯಾವನ್ನು ಹೊರಡಿಸುವುದು ಕಷ್ಟ. ಉಗುರಿಗೆ ತಾಗುವಷ್ಟು ಗೀರು ಬಿದ್ದರೆ ಆ ಬಕೆಟ್ಟನ್ನು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತುಂಬಲೋ ಐಸ್ ಹಾಕಲೋ ಬಳಸಿ, ಬಿಯರಿಗೆ ಬೇಡ. ಬಕೆಟ್ಟಿನ ಪ್ಲಾಸ್ಟಿಕ್ ಮೂಲಕ ಆಮ್ಲಜನಕ ಸ್ವಲ್ಪ ಸ್ವಲ್ಪ ಒಳಬರುತ್ತದೆ. ಎರಡು ಮೂರು ವಾರಕ್ಕೆ ಅಡ್ಡಿಯಿಲ್ಲ, ತಿಂಗಳುಗಟ್ಟಲೆ ಇಡಲು ಹೋಗಬೇಡಿ. ಪೆಟ್ ಪ್ಲಾಸ್ಟಿಕ್ಕಿನ ಕಾರ್ಬಾಯ್ (ಕಿರಿದಾದ ಬಾಯಿಯ ದೊಡ್ಡ ಜಾಡಿ) ಈ ವಿಷಯದಲ್ಲಿ ಮೇಲು, ಆದರೆ ತೀರಾ ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ, 50 ಡಿಗ್ರಿ ದಾಟಿಸಬೇಡಿ. ಗಾಜಿನ ಕಾರ್ಬಾಯ್ ಬೇಡ ಎಂಬುದು ನನ್ನ ಖಚಿತ ಸಲಹೆ. ತುಂಬಿದಾಗ 25 ಕಿಲೋದ ಆಸುಪಾಸು ತೂಗುತ್ತದೆ, ಒದ್ದೆ ಕೈಯಿಂದ ಜಾರಿದರೆ ಆಗುವ ಗಾಯ ಹೊಲಿಗೆಗೇ ನಿಲ್ಲುವುದಿಲ್ಲ. ಬಿಸಿ ತಣ್ಣನೆ ಒಟ್ಟಿಗೆ ತಾಗಿದರೆ ಬಿರಿಯುತ್ತದೆ.

ಸ್ಟೀಲ್ ಕೋನಿಕಲ್ ಒಳ್ಳೆಯ ಸಾಧನವೇ. ತಳದ ಯೀಸ್ಟನ್ನು ಬಸಿಯಬಹುದು, ಗಾಳಿ ತಾಗಿಸದೆ ಕೆಗ್‌ಗೆ (ಒತ್ತಡ ತಾಳುವ ಸ್ಟೀಲ್ ಪೀಪಾಯಿಗೆ) ತುಂಬಬಹುದು, ಗೀರಿನ ಭಯ ಕಡಿಮೆ. ಆದರೆ ಅದರಲ್ಲಿ ಎರಡು ಕವಾಟ, ಒಂದು ತಿರುಗುವ ಕೊಳವೆ, ಸ್ಯಾಂಪಲ್ ನಲ್ಲಿ, ನಾಲ್ಕೈದು ವಾಷರ್ ಇರುತ್ತವೆ. ಒಂದು ಪ್ಲಾಸ್ಟಿಕ್ ನಲ್ಲಿಯ ಸಂದಿ ತೊಳೆಯುವುದೇ ತಪ್ಪಿಹೋಗಿರುವಾಗ ಇಷ್ಟನ್ನೂ ಪ್ರತಿ ಬ್ಯಾಚಿಗೆ ಬಿಚ್ಚಬೇಕಾಗುತ್ತದೆ. ಮುಂದೆ ಕೊಳ್ಳುವುದಾದರೆ ತಿರುಪಿನ ಜೋಡಣೆಯದ್ದು ಬಿಟ್ಟು ಟ್ರೈಕ್ಲ್ಯಾಂಪ್ (ತಿರುಪಿಲ್ಲದೆ ಹೊರಗಿನ ಪಟ್ಟಿಯಿಂದ ಬಿಗಿಯುವ) ಜೋಡಣೆಯದ್ದನ್ನೇ ಆರಿಸಿ, ತಿರುಪಿನ ಹಲ್ಲುಗಳ ನಡುವೆ ಬಿಯರ್ ಕೂರುತ್ತದೆ. ಕುದಿಸುವ ಪಾತ್ರೆಯ ಬಾಲ್ ವಾಲ್ವ್‌ಗೂ ಇದೇ ಮಾತು. ಎರಡು ತುಂಡಿನ ವಾಲ್ವ್ ಅಗ್ಗ, ಆದರೆ ಚೆಂಡಿನ ಹಿಂದಿನ ಟೊಳ್ಳಿನಲ್ಲಿ ಸಿಹಿ ವರ್ಟ್ (ಯೀಸ್ಟ್ ಹಾಕುವ ಮೊದಲಿನ ಮಾಲ್ಟ್ ರಸ) ಸಿಕ್ಕಿಕೊಳ್ಳುತ್ತದೆ, ಬಿಚ್ಚುವುದು ಕಷ್ಟ. ಮೂರು ತುಂಡಿನದ್ದಾದರೆ ಬೋಲ್ಟ್ ತೆಗೆದು ನಡುವಿನ ಭಾಗವನ್ನು ಹೊರಗೆಳೆಯಬಹುದು. ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿಯರ್ ಮುಟ್ಟುವ ಪ್ರತಿ ಜಾಗವನ್ನೂ ನನ್ನ ಕೈಯೋ ಬ್ರಷ್ಷೋ ಮುಟ್ಟಬಲ್ಲದೇ?

ಎಲೆಕ್ಟ್ರಿಕ್ ಆಲ್ ಇನ್ ಒನ್ ಮಷೀನ್ ಅನುಕೂಲಕ್ಕೆ ಸರಿ, ಸೋಂಕಿಗೆ ಮದ್ದಲ್ಲ. ಅದು ಕೆಲಸ ಮಾಡುವುದು ಕುದಿಯುವ ತನಕ, ಕುದಿತದಲ್ಲಿ ಬಿಯರ್ ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ನಿಮ್ಮ ತೊಂದರೆ ಇರುವುದು ತಣ್ಣಗಾದ ಮೇಲಿನ ದಾರಿಯಲ್ಲಿ. ಆದರೂ ಕೊಳ್ಳುವ ಮನಸ್ಸಿದ್ದರೆ ಮನೆಯ ಕರೆಂಟ್ ನೋಡಿ. 25 ಲೀಟರ್ ವರ್ಟನ್ನು 20ರಿಂದ 100 ಡಿಗ್ರಿಗೆ ಏರಿಸಲು 120 ವೋಲ್ಟ್‌ನ 1600 ವ್ಯಾಟ್ ಮಷೀನಿಗೆ ಶಾಖ ನಷ್ಟ ಲೆಕ್ಕಿಸದಿದ್ದರೂ ಸುಮಾರು ಒಂದೂವರೆ ಗಂಟೆ ಬೇಕು, ಕುದಿತವೂ ಮಂದ. 240 ವೋಲ್ಟ್‌ನ 3500 ವ್ಯಾಟಿನದಕ್ಕೆ 40 ನಿಮಿಷ. ಪ್ಲಗ್ ಜಿಎಫ್‌ಸಿಐ (ಕರೆಂಟ್ ಸೋರಿದ ಕೂಡಲೇ ಕಡಿಯುವ) ರಕ್ಷಣೆಯದ್ದೇ ಆಗಿರಬೇಕು. ಪ್ರೊಪೇನ್ ಬರ್ನರ್ ಆದರೆ ಬಯಲಿನಲ್ಲಿ ಮಾತ್ರ. ಗ್ಯಾರೇಜಿನ ಬಾಗಿಲು ತೆರೆದಿದೆ ಎಂದು ಒಳಗಿಡಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. 19 ಲೀಟರ್ ಬ್ಯಾಚಿಗೆ ಪೂರ್ತಿ ಕುದಿಸಲು 10 ಗ್ಯಾಲನ್ ಪಾತ್ರೆ ಬೇಕು, 8 ಗ್ಯಾಲನ್‌ನಲ್ಲಿ ಉಕ್ಕದಂತೆ ಕಾಯುತ್ತಾ ನಿಲ್ಲಬೇಕಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ನಡೆಯುತ್ತದೆ, ಪಿಬಿಡಬ್ಲ್ಯೂನಲ್ಲಿ ಮಾತ್ರ ನೆನೆಹಾಕಬೇಡಿ, ಕಪ್ಪಾಗಬಹುದು.

ಕುದಿದ ವರ್ಟ್ ತಣಿಸುವ ಚಿಲ್ಲರ್‌ಗೆ ಮುಳುಗಿಸುವ ತಾಮ್ರದ ಸುರುಳಿ ಸಾಕು, 50 ಅಡಿಯದ್ದು. ಪ್ಲೇಟ್ ಚಿಲ್ಲರ್ ವೇಗ ಹೆಚ್ಚು, ಆದರೆ ಕಿರಿದಾದ ಸಂದುಗಳಲ್ಲಿ ಹಾಪ್ಸ್ ಚೂರು ಸಿಕ್ಕಿದರೆ ಕಣ್ಣಿಗೂ ಕಾಣದು, ಕೈಗೂ ಸಿಗದು. ಸುರುಳಿಯನ್ನು ಕುದಿತದ ಕೊನೆಯ 15 ನಿಮಿಷ ವರ್ಟ್‌ನಲ್ಲೇ ಮುಳುಗಿಸಿದರೆ ಬೇರೆ ಸ್ಯಾನಿಟೈಸರ್ ಬೇಡ. ಹೋಸ್ ಮತ್ತು ತಾಮ್ರ ಸೇರುವ ಕ್ಲ್ಯಾಂಪ್ ಪಾತ್ರೆಯ ಅಂಚಿನಿಂದ ಹೊರಗೆ ನೇತಾಡುವಂತಿರಲಿ. ಅಲ್ಲಿಂದ ತೊಟ್ಟಿಕ್ಕುವ ನಲ್ಲಿ ನೀರು ತಣ್ಣಗಾದ ವರ್ಟ್‌ಗೆ ಬಿದ್ದು ಬ್ಯಾಚ್ ಕೆಡುವುದು ಅಪರೂಪವಲ್ಲ. ಬೇಸಿಗೆಯಲ್ಲಿ ನಿಮ್ಮ ನಲ್ಲಿ ನೀರೇ 30 ಡಿಗ್ರಿಯ ಹತ್ತಿರ ಇರುವುದರಿಂದ ವರ್ಟ್ ಅದಕ್ಕಿಂತ ತಣ್ಣಗಾಗದು. 40 ಡಿಗ್ರಿಗೆ ಇಳಿದ ಮೇಲೆ ಬಕೆಟ್ಟಿನಲ್ಲಿ ಐಸ್ ನೀರು ಹಾಕಿ ಚಿಕ್ಕ ಸಬ್‌ಮರ್ಸಿಬಲ್ ಪಂಪಿನಿಂದ ಸುರುಳಿಯಲ್ಲಿ ಸುತ್ತಿಸಿ. ಇಲ್ಲವೇ ಮುಚ್ಚಿದ ಫರ್ಮೆಂಟರನ್ನು ಫ್ರಿಜ್ಜಿನಲ್ಲಿಟ್ಟು 18ಕ್ಕೆ ಇಳಿದ ಮೇಲೆ ಯೀಸ್ಟ್ ಹಾಕಿ.

ಸೈಫನ್ ಪೈಪುಗಳನ್ನು ಬಳಸಿದ ಕೂಡಲೇ ಬಿಸಿನೀರು ಹರಿಸಿ, ಎರಡೂ ತುದಿ ಕೆಳಗಾಗುವಂತೆ ನೇತುಹಾಕಿ. ಸುರುಳಿ ಸುತ್ತಿ ಡ್ರಾಯರಿಗೆ ತಳ್ಳಿದ ಪೈಪಿನಲ್ಲಿ ನೀರು ನಿಂತು ಬೂಷ್ಟು ಬರುತ್ತದೆ. ಪೈಪ್ ಮಂಜಾಗಿದ್ದರೆ, ಮೂಸಿದಾಗ ಹಳೆ ಬಿಯರ್ ವಾಸನೆ ಬಂದರೆ ತೊಳೆಯುತ್ತಾ ಕೂರಬೇಡಿ, ಬದಲಿಸಿ. ಇನ್ನೊಂದು ಮಾತು ನಮ್ಮ ಅಡುಗೆಮನೆಗೆ ಸಂಬಂಧಿಸಿದ್ದು. ದೋಸೆ ಹಿಟ್ಟು ಹುದುಗುವುದು, ಮೊಸರು ಹೆಪ್ಪುಗಟ್ಟುವುದು ಎರಡೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ. ಹಾಪ್ಸ್ ಕಹಿ ಇಂಥವನ್ನು ಬಹುಮಟ್ಟಿಗೆ ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಹಿಟ್ಟು ರುಬ್ಬುವ, ಮೊಸರಿಡುವ ಕಟ್ಟೆಯ ಮೇಲೆಯೇ ಬಾಟಲಿ ತುಂಬಬೇಡಿ. ಅದಕ್ಕಿಂತ ದೊಡ್ಡ ಮೂಲ ಮಾಲ್ಟ್ ಪುಡಿ ಮಾಡುವಾಗ ಏಳುವ ಧೂಳು, ಕಾಳಿನ ಸಿಪ್ಪೆಯ ತುಂಬ ಲ್ಯಾಕ್ಟೋಬ್ಯಾಸಿಲಸ್ ಇರುತ್ತದೆ. ಮಿಲ್ ಗ್ಯಾರೇಜಿನಲ್ಲಿರಲಿ, ಫರ್ಮೆಂಟರ್ ಬೇರೆ ಕೋಣೆಯಲ್ಲಿ.

ಅಳತೆಯ ಸಾಧನಗಳನ್ನು ವರ್ಷಕ್ಕೆರಡು ಸಲ ಪರೀಕ್ಷಿಸಿ. ಥರ್ಮಾಮೀಟರ್ ಪುಡಿ ಐಸ್ ನೀರಿನಲ್ಲಿ 0 ತೋರಿಸಬೇಕು. ಹೈಡ್ರೋಮೀಟರ್ ತನ್ನ ಮೇಲೆ ಬರೆದ ಉಷ್ಣತೆಯಲ್ಲಿ, ಡಿಸ್ಟಿಲ್ಡ್ ನೀರಿನಲ್ಲಿ 1.000 ತೋರಿಸಬೇಕು. ಬಿಸಿ ವರ್ಟ್‌ಗೆ ಇಳಿಸಿದರೆ ಗಾಜು ಬಿರಿಯುತ್ತದೆ ಅಥವಾ ಒಳಗಿನ ಕಾಗದ ಜಾರುತ್ತದೆ, ಆಮೇಲೆ ಎಲ್ಲ ಅಂಕಿಯೂ ಸುಳ್ಳು.

ಬಾಟಲಿ ತೊಳೆದು ಸಾಕಾಗಿ ಕೆಗ್‌ಗೆ ಹೋಗುವ ಯೋಚನೆ ಬಂದರೆ ಅದು ಒಳ್ಳೆಯ ಖರ್ಚು. 5 ಗ್ಯಾಲನ್‌ನ ಬಾಲ್ ಲಾಕ್ ಕೆಗ್‌ನಲ್ಲಿ ಐದು ರಬ್ಬರ್ ರಿಂಗ್: ಮುಚ್ಚಳಕ್ಕೆ ಒಂದು, ಎರಡು ಪೋಸ್ಟ್‌ಗೆ (ಪೈಪ್ ಸಿಕ್ಕಿಸುವ ತುದಿಗಳಿಗೆ) ಎರಡು, ಒಳಗಿನ ಎರಡು ಕೊಳವೆಗೆ ಎರಡು. ಸೆಕೆಂಡ್ ಹ್ಯಾಂಡ್ ಕೊಂಡರೆ ಐದನ್ನೂ ಬದಲಿಸಿಯೇ ಬಳಸಿ, ಹಳೆಯದಕ್ಕೆ ಸೋಡಾದ ವಾಸನೆ ಹಿಡಿದಿರುತ್ತದೆ. ಬಿಚ್ಚುವ ಮೊದಲು ಒತ್ತಡ ಪೂರ್ತಿ ಬಿಡಿ. ಗ್ಯಾಸ್ ಪೋಸ್ಟ್, ಬಿಯರ್ ಪೋಸ್ಟ್ ಅದಲುಬದಲಾಗದಂತೆ ನೋಡಿಕೊಳ್ಳಿ, ಗ್ಯಾಸಿನದರ ಬುಡದಲ್ಲಿ ಕಚ್ಚು ಇರುತ್ತದೆ. ಜೋಡಿಸಿದ ಮೇಲೆ ಎಲ್ಲ ಸಂದಿಗೂ ಸ್ಟಾರ್ ಸ್ಯಾನ್ ಸಿಂಪಡಿಸಿ ಗುಳ್ಳೆ ಏಳುತ್ತದೆಯೇ ನೋಡಿ, ಸೋರಿಕೆ ಕಣ್ತಪ್ಪಿದರೆ ರಾತ್ರಿ ಕಳೆಯುವುದರೊಳಗೆ ಗ್ಯಾಸ್ ಸಿಲಿಂಡರ್ ಖಾಲಿಯಾಗಬಹುದು. ಬಿಯರ್ ಪೈಪ್ ಒಳವ್ಯಾಸ 3/16 ಇಂಚು, ಉದ್ದ 10 ಅಡಿ, ಉಷ್ಣತೆ 3–4 ಡಿಗ್ರಿ, ಒತ್ತಡ 10–12 ಪಿಎಸ್‌ಐ ಇದ್ದರೆ ಲೋಟ ತುಂಬ ನೊರೆಯೇ ಬರುವ ತೊಂದರೆ ಇರುವುದಿಲ್ಲ. ಆ ಪೈಪನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು.

ಕಾನೂನಿನ ಮಾತು ಚುಟುಕಾಗಿ. ಅಮೆರಿಕದಲ್ಲಿ 1978ರ ಫೆಡರಲ್ ಕಾಯ್ದೆಯಂತೆ ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ತೆರಿಗೆಯಿಲ್ಲದೆ ಮಾಡಬಹುದು, ಮಾರುವಂತಿಲ್ಲ. ಊರಿಗೆ ಹಿಂತಿರುಗುವಾಗ ಈ ಸಾಮಾನನ್ನು ಒಯ್ದು ಬೆಂಗಳೂರಿನಲ್ಲಿ ಮುಂದುವರಿಸುವ ಯೋಚನೆಯಿದ್ದರೆ ಬಿಡಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಮಾಡಿದ ಸರಿಪಡಿಕೆ ಫಲಿಸಿತೇ ಎಂದು ತಿಳಿಯಲು ತಿಂಗಳು ಕಾಯಬೇಕಿಲ್ಲ. ಮುಂದಿನ ಸಲ ಎರಡು ಚಿಕ್ಕ ಗಾಜಿನ ಜಾಡಿಗಳನ್ನು ಮುಚ್ಚಳ ಸಹಿತ ಪ್ರೆಷರ್ ಕುಕ್ಕರಿನಲ್ಲಿ 15 ನಿಮಿಷ ಬೇಯಿಸಿ ಆರಿಸಿಡಿ. ವರ್ಟ್ ತಣ್ಣಗಾಗಿ ಫರ್ಮೆಂಟರ್ ಸೇರಿದ ಮೇಲೆ, ಯೀಸ್ಟ್ ಹಾಕುವ ಮೊದಲು, ಅರ್ಧ ಲೋಟದಷ್ಟನ್ನು ನೇರವಾಗಿ ಒಂದು ಜಾಡಿಗೆ ತೆಗೆದುಕೊಳ್ಳಿ. ಇನ್ನೊಂದು ಲೀಟರನ್ನು ಸ್ಯಾನಿಟೈಸ್ ಮಾಡಿದ ಬಾಟ್ಲಿಂಗ್ ಬಕೆಟ್ಟಿಗೆ ಹಾಕಿ, ನಲ್ಲಿ ಮತ್ತು ಕಡ್ಡಿಯ ಮೂಲಕ ಎರಡನೇ ಜಾಡಿಗೆ ಹಿಡಿಯಿರಿ. ಉಳಿದದ್ದನ್ನು ಚೆಲ್ಲಿಬಿಡಿ, ಫರ್ಮೆಂಟರ್‌ಗೆ ವಾಪಸ್ ಹಾಕಬೇಡಿ. ಮುಚ್ಚಳ ಸಡಿಲವಾಗಿಟ್ಟು ಎರಡನ್ನೂ 28–30 ಡಿಗ್ರಿಯಲ್ಲಿಡಿ. ರುಚಿ ನೋಡಬೇಡಿ, ಕಣ್ಣು ಮತ್ತು ಮೂಗು ಸಾಕು. ಮೊದಲ ಜಾಡಿ ಎರಡು ದಿನದೊಳಗೆ ಮಸುಕಾದರೆ, ಗುಳ್ಳೆ ಬಂದರೆ ಕೊಳೆ ಚಿಲ್ಲರ್, ಪಾತ್ರೆಯ ವಾಲ್ವ್ ಅಥವಾ ಫರ್ಮೆಂಟರ್‌ನಲ್ಲಿದೆ. ಮೊದಲನೆಯದು ನಾಲ್ಕನೇ ದಿನವೂ ತಿಳಿಯಾಗಿದ್ದು ಎರಡನೆಯದು ಮಾತ್ರ ಕೆಟ್ಟರೆ ನಲ್ಲಿಯನ್ನು ತೊಳೆಯಲು ಹೋಗದೆ ಹೊಸದು ಹಾಕಿ, ಕಡ್ಡಿಯನ್ನೂ ಬದಲಿಸಿ. ಎರಡೂ ತಿಳಿಯಾಗಿದ್ದರೆ ನಲ್ಲಿ, ಕಡ್ಡಿ ಎರಡೂ ಸರಿಯಾಗಿವೆ, ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ.